ನಿಂತು ತಿಂದದ್ದು ಊಟವಲ್ಲ

ನನ್ನ ಕೊಠಡಿಗೆ ಬಂದವರ ಮಾತನ್ನು ನಂಬುವುದಾದರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳಲ್ಲಿ ಯಾರೂ ಏನೂ ತಿನ್ನುವುದಿಲ್ಲ. ತೂಕದ ಯಂತ್ರದ ಮುಳ್ಳು ಕೊನೆಯ ಅಂಕಿ ದಾಟಿ, ಮುಂದೆ ಜಾಗವಿಲ್ಲದೆ ನಡುಗುತ್ತಾ ನಿಂತಿರುತ್ತದೆ. ಅದರ ಮೇಲೆ ನಿಂತವರು ಮಾತ್ರ "ನೀರು ಕುಡಿದ್ರೂ ದಪ್ಪ ಆಗ್ತೀನ್ರಿ, ಏನ್ ಮಾಡ್ಲಿ" ಎನ್ನುತ್ತಿರುತ್ತಾರೆ. ನಮ್ಮ ಕಡೆ ಕುಡಿಯುವ ನೀರಿಗೇ ಬರ. ಇಷ್ಟೊಂದು ನೀರು ಇವರಿಗೆ ಎಲ್ಲಿ ಸಿಗುತ್ತದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಸ್ಟಾಫ್ ನರ್ಸ್ ಆಗಿದ್ದವಳು. ಹುಟ್ಟಿದ್ದು ತಳಕಿನ ಹತ್ತಿರದ ಹಟ್ಟಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮೊದಲು ಮೊಳಕಾಲ್ಮೂರು ಕಡೆ, ಆಮೇಲೆ ಚಳ್ಳಕೆರೆ ಕಡೆ ಕೆಲಸ ಮಾಡಿದೆ. ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಕೇಳಬೇಡಿ. ಹೇಳಿದರೆ ಅವರೆಲ್ಲ ಮನೆಗೆ ಬಂದು ನನ್ನ ಬಿ.ಪಿ. ಏರಿಸುತ್ತಾರೆ. ಕೊನೆಯ ವರ್ಷಗಳಲ್ಲಿ ನನ್ನನ್ನು ಸಕ್ಕರೆ ಕಾಯಿಲೆ ಮತ್ತು ಬಿ.ಪಿ.ಯವರ ಕೊಠಡಿಗೆ ಹಾಕಿದ್ದರು. ಈಗ ಹೊಸದಾಗಿ ನೌಕರಿಗೆ ಸೇರಿದ ಹುಡುಗಿಯರು ಫೋನ್ ಮಾಡಿ, "ಮೇಡಂ, ಏನು ತಿಂತೀರಿ ಅಂದ್ರೆ ಎಲ್ರೂ ಸುಳ್ಳು ಹೇಳ್ತಾರೆ, ಏನ್ ಮಾಡೋದು" ಎಂದು ಅಳುತ್ತಾರೆ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಅವರು ಸುಳ್ಳು ಹೇಳುವುದಿಲ್ಲ ಕಣ್ರಮ್ಮಾ. ನಾವು ಕೇಳುವ ಪ್ರಶ್ನೆಯೇ ಸೊಟ್ಟಗಿರುತ್ತದೆ.

ಈ ವಿಷಯದಲ್ಲಿ ನನಗೆ ಮೊದಲ ಪಾಠ ಹೇಳಿಕೊಟ್ಟವನು ಮೊಳಕಾಲ್ಮೂರಿನ ಒಬ್ಬ ರೇಷ್ಮೆ ಸೀರೆ ನೇಕಾರ. ತಿಪ್ಪೇಸ್ವಾಮಿ ಎಂದಿಟ್ಟುಕೊಳ್ಳೋಣ. ನಮ್ಮ ಕಡೆ ಸುಮ್ಮನೆ ಒಂದು ಕಲ್ಲು ಬೀಸಿದರೂ ಅದು ಒಬ್ಬ ತಿಪ್ಪೇಸ್ವಾಮಿಗೆ ತಾಗುತ್ತದೆ, ಆದ್ದರಿಂದ ಗುರುತು ಸಿಗುವ ಭಯವಿಲ್ಲ. ಎದುರಿಗೆ ಕೂತವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಪಕ್ಕದ ಮನೆಯವನ ಮೇಲೆ ದೂರು ಹೇಳುವ ಧಾಟಿಯಲ್ಲಿ, ತೆಲುಗು ಬೆರೆಸಿ ಶುರು ಮಾಡಿದ.

"ಆಕಲಿ ಕಾದು ಸಿಸ್ಟರಮ್ಮ, ಹಸಿವಲ್ಲ ಇದು. ಒಳಗೊಂದು ಹುಳ ಐತೆ. ತಿನ್ನೋದು ಅದು, ಹೆಸರು ನಂದು."

"ಏನ್ ತಿಂತೈತಪ್ಪಾ ನಿನ್ನ ಹುಳ?"

"ಮಂಡಕ್ಕಿ ಇದ್ರೆ ಚೀಲ ಖಾಲಿ ಆಗೋ ತನಕ ಮಂಡಕ್ಕಿ. ಬಜ್ಜಿ ಇದ್ರೆ ಬಜ್ಜಿ. ಏನೂ ಇಲ್ಲಾಂದ್ರೆ ಹಸಿ ಶೇಂಗಾ, ಬೆಲ್ಲ, ನಿನ್ನೆ ರೊಟ್ಟಿ. ಹೊಟ್ಟೆ ಬಿರಿಯಂಗಾದ್ರೂ ಬಿಡಲ್ಲ. ನಾನು ಸಾಕು ಸಾಕು ಅಂತಾನೇ ಇರ್ತೀನಿ, ಅದು ಕೇಳಲ್ಲ."

ಆಗಿನ ನಮ್ಮ ದೊಡ್ಡ ಡಾಕ್ಟರಿಗೆ ಎರಡರ ಮೇಲೆ ಅಚಲ ನಂಬಿಕೆ ಇತ್ತು, ಒಂದು ಜಂತುಹುಳದ ಮಾತ್ರೆ, ಇನ್ನೊಂದು ಬೈಗುಳ. ಮೊದಲು ಮಾತ್ರೆ ಕೊಟ್ಟರು. ತಿಪ್ಪೇಸ್ವಾಮಿ ಮುಂದಿನ ವಾರ ಸಪ್ಪೆ ಮುಖ ಹಾಕಿಕೊಂಡು ಬಂದು "ಇಳೀಲಿಲ್ಲ ಸಾರ್, ಇನ್ನೂ ಐತೆ" ಎಂದ. ಮತ್ತೆ ಮಾತ್ರೆ ಕೊಟ್ಟರು, ಹುಳ ಮತ್ತೆ ಇಳಿಯಲಿಲ್ಲ. ಆಮೇಲೆ ಡಾಕ್ಟರು ಎರಡನೇ ಔಷಧಿಗೆ ಬಂದರು. "ನಿನ್ನ ಹೊಟ್ಟೇಲಿ ಯಾವ ಹುಳಾನೂ ಇಲ್ಲ ಕಣೋ, ನೀನೇ ಹುಳ" ಎಂದು ಗುಡುಗಿದರು. ತಿಪ್ಪೇಸ್ವಾಮಿ ತುಂಬಾ ಹೊತ್ತು ಯೋಚಿಸಿ, "ಹಂಗಾದ್ರೆ ಇಷ್ಟು ದಿನ ಮಾತ್ರೆ ಯಾರಿಗೆ ಕೊಟ್ರಿ ಸಾರ್?" ಎಂದು ಕೇಳಿದ. ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು.

ಹೊರಗೆ ಜಗಲಿಯ ಮೇಲೆ ಅವನನ್ನು ನಿಲ್ಲಿಸಿ ನಾನೊಂದು ಮಾತು ಕೇಳಿದೆ. "ನಿನ್ನ ಹುಳ ಯಾವಾಗ ಏಳ್ತೈತೆ?"

"ಲಾಳಿ ಆಡೋವಾಗ ಏಳಲ್ರಿ. ಸೀರೆ ಮುಗ್ದು ಮಗ್ಗದಿಂದ ಇಳಿಸಿದ ದಿನ ಏಳ್ತೈತೆ. ಮಗ್ಗ ಖಾಲಿ, ಕೈ ಖಾಲಿ. ಆವಾಗ ಒಳಗೆ ಏನೋ ಹರಿದಾಡಿದಂಗೆ ಆಗ್ತೈತೆ."

ಆ ಹೊತ್ತಿಗೆ ನಾನು ನಕ್ಕುಬಿಟ್ಟೆ. ಅವನೂ ನಕ್ಕ. ಅವನು ತನ್ನ ಕಾಯಿಲೆಯನ್ನು ಎಷ್ಟು ಸರಿಯಾಗಿ ವರ್ಣಿಸಿದ್ದನೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು.

ಚಳ್ಳಕೆರೆಗೆ ಬಂದ ಮೇಲೆ ಚಿಕಿತ್ಸೆಯ ವಿಧಾನ ಬದಲಾಯಿತು. ಬೈಯುವುದನ್ನು ಬಿಟ್ಟು ಪಥ್ಯದ ಹಾಳೆ ಕೊಡಬೇಕೆಂದು ಮೇಲಿನಿಂದ ಹುಕುಂ ಬಂತು. ಹಾಳೆಯಲ್ಲಿ ಬೆಳಿಗ್ಗೆ ಓಟ್ಸ್ ತಿನ್ನಿ ಎಂದಿತ್ತು. ಜೋಳದ ರೊಟ್ಟಿ, ರಾಗಿ ಮುದ್ದೆಯ ಊರಿನಲ್ಲಿ ಓಟ್ಸ್! ನಮ್ಮ ಜನ ಸರ್ಕಾರದ ಮೇಲೆ ಗೌರವ ಉಳ್ಳವರು. ಮೊದಲು ಹೊಟ್ಟೆ ತುಂಬಾ ಮುದ್ದೆ ಉಂಡು, ಅದರ ಮೇಲೆ ಔಷಧಿಯ ಹಾಗೆ ಮೂಗು ಮುಚ್ಚಿಕೊಂಡು ಓಟ್ಸ್ ಗಂಜಿ ಕುಡಿದು ಬರುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಊಟ ಬಂತು. ಪ್ಲಾಸ್ಟಿಕ್ ಮುದ್ದೆ, ಪ್ಲಾಸ್ಟಿಕ್ ಸೊಪ್ಪು, ಪ್ಲಾಸ್ಟಿಕ್ ಬಾಳೆಹಣ್ಣು. ಎಷ್ಟು ತಿನ್ನಬೇಕೆಂದು ತೋರಿಸುವುದಕ್ಕೆ. ಮುದ್ದೆಯನ್ನು ನೋಡಿದ ಅಜ್ಜಿಯೊಬ್ಬಳು "ಕೋಳಿಗೇನ್ರಿ ಇದು?" ಎಂದಳು. ಒಂದು ದಿನ ಸಂಜೆ ಜೋಡಿಸಿಡುವಾಗ ನೋಡಿದರೆ ಪ್ಲಾಸ್ಟಿಕ್ ಬಾಳೆಹಣ್ಣಿನ ಮೇಲೆ ಹಲ್ಲಿನ ಗುರುತು. ಯಾರದೆಂದು ಇವತ್ತಿಗೂ ಪತ್ತೆಯಾಗಿಲ್ಲ. ನನಗೆ ಆ ದಿನ ಮಧ್ಯಾಹ್ನ ಊಟಕ್ಕೆ ಹೋಗದೆ ಉಳಿದಿದ್ದ ಆಫೀಸಿನವರ ಮೇಲೇ ಅನುಮಾನ.

ಗೋಡೆಯ ಮೇಲೆ ದೊಡ್ಡದಾಗಿ "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಬರೆಸಿದ್ದರು. ಅದರ ಕೆಳಗೆ ಕೂತು ದಿನವಿಡೀ "ಊಟ ಎಷ್ಟು ಮಾಡ್ತೀರಿ" ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಎಲ್ಲರದೂ ಒಂದೇ ಉತ್ತರ, "ಒಂದು ಮುದ್ದೆ, ಒಂದು ತುತ್ತು ಅನ್ನ." ಎಲ್ಲರ ಸಕ್ಕರೆಯೂ ಬೇರೆಯೇ ಕತೆ ಹೇಳುತ್ತಿತ್ತು.

ನನ್ನ ಕಣ್ಣು ತೆರೆಸಿದ್ದು ನಮ್ಮವ್ವ. ಒಂದು ಭಾನುವಾರ ಹಟ್ಟಿಗೆ ಹೋದಾಗ ಅವ್ವ ಒಲೆಯ ಮುಂದೆ ನಿಂತು, ಹುರಿದ ಶೇಂಗಾ ಬಾಯಿಗೆ ಎಸೆದುಕೊಳ್ಳುತ್ತಾ, ನಡುವೆ ರೊಟ್ಟಿಯ ಚೂರು ಮುರಿದು ಚಟ್ನಿಗೆ ಅದ್ದುತ್ತಾ, ಮೊಮ್ಮಕ್ಕಳು ಬಿಟ್ಟ ಅನ್ನವನ್ನು ದಂಡವಾಗಬಾರದೆಂದು ಬಳಿದು ನುಂಗುತ್ತಾ ಇದ್ದಳು. ಎಲ್ಲ ಮುಗಿದ ಮೇಲೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಬಾರವ್ವಾ, ಊಟಕ್ಕೆ ಕೂತ್ಕಳಾನ. ಬೆಳಿಗ್ಗೆಯಿಂದ ನನ್ನ ಬಾಯಿಗೆ ಒಂದಗುಳು ಬಿದ್ದಿಲ್ಲ" ಎಂದಳು.

"ಈಗ ತಿಂದ್ಯಲ್ಲವ್ವಾ?"

"ಏ, ಅದೇನ್ ಊಟನಾ? ನಿಂತ್ಕಂಡು ಬಾಯಾಡಿಸಿದ್ದು."

ನನ್ನ ಎದೆಯಲ್ಲಿ ಗಂಟೆ ಹೊಡೆದ ಹಾಗಾಯಿತು. ನಮ್ಮಲ್ಲಿ ಊಟ ಎಂದರೆ ಕೈ ತೊಳೆಯಬೇಕು, ತಟ್ಟೆ ಇಡಬೇಕು, ಕೂರಬೇಕು. ಕೂತು ಉಂಡದ್ದು ಊಟ. ನಿಂತು ತಿಂದದ್ದು ರುಚಿ ನೋಡಿದ್ದು, ಬಾಯಾಡಿಸಿದ್ದು, ಮಿಕ್ಕಿದ್ದನ್ನು ಮುಗಿಸಿದ್ದು. ಅದು ಲೆಕ್ಕಕ್ಕಿಲ್ಲ. ಜನ ನನಗೆ ನಿಜವನ್ನೇ ಹೇಳುತ್ತಿದ್ದರು. ಮಾರನೆಯ ದಿನದಿಂದ ನಾನು ಇನ್ನೊಂದು ಪ್ರಶ್ನೆ ಸೇರಿಸಿದೆ, "ನಿಂತ್ಕೊಂಡು ಏನೇನು ತಿಂದ್ರಿ?" ಅಬ್ಬಾ, ಅಣೆಕಟ್ಟೆಯ ಬಾಗಿಲು ತೆರೆದ ಹಾಗೆ ಬಂತು. ಬನ್ನು, ಖಾರ, ಮಿರ್ಚಿ, ಉಂಡೆ, ದೇವರ ಪ್ರಸಾದ, ಮಗುವಿನ ಬಿಸ್ಕತ್ತು ಎಲ್ಲ ಹೊರಗೆ ಬಂತು.

ಆದರೆ ಹುಡುಗಿಯರೇ, ಒಂದು ಮಾತು ನೆನಪಿಡಿ. ನಮ್ಮವ್ವನದು ಕಾಯಿಲೆಯಲ್ಲ, ಅಡುಗೆಮನೆಯಲ್ಲಿ ನಿಂತ ಹೆಂಗಸರೆಲ್ಲರ ಅಭ್ಯಾಸ. ಕಾಯಿಲೆ ಎಂದರೆ ಏನೆಂದು ನನಗೆ ತಿಳಿದದ್ದು ಗೌರಮ್ಮನವರಿಂದ. ಹೆಸರು ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಗೌರಮ್ಮನವರ ಯಜಮಾನರು ರುದ್ರಪ್ಪನವರು ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ವರ್ಷಗಟ್ಟಲೆ ಮಿಲ್ಲಿನ ಸದ್ದಿನಲ್ಲಿ ನಿಂತು ಅವರ ಎರಡು ಕಿವಿಗಳೂ ಅರ್ಧರ್ಧ ಹೋಗಿವೆ. ಎರಡೂ ಅರ್ಧ ಸೇರಿದರೆ ಒಂದು ಪೂರ್ತಿ ಕಿವಿ ಆಗಬೇಕಿತ್ತು, ಆಗುವುದಿಲ್ಲ. ಗೌರಮ್ಮನವರು ವಿಭೂತಿ ಹಚ್ಚಿಕೊಳ್ಳುವ, ಗಟ್ಟಿಯಾಗಿ ಮಾತಾಡದ, ಊರಿಗೆಲ್ಲ ಬೇಕಾದ ಹೆಂಗಸು. ಸೋಮವಾರ ಒಪ್ಪತ್ತು, ಅಂದರೆ ದಿನಕ್ಕೆ ಒಂದೇ ಊಟ. ನಮ್ಮ ಪಥ್ಯದ ಹಾಳೆ ಕೈಗೆ ಹೋದ ಮೇಲೆ ಭಕ್ತಿಯ ಜೊತೆ ಭಯವೂ ಸೇರಿ, ವಾರದ ಎಲ್ಲ ದಿನವೂ ಒಪ್ಪತ್ತು ಶುರು ಮಾಡಿದರು. ಹೀಗೆ ಉಪವಾಸ ಹೆಚ್ಚಾದ ಹಾಗೆಲ್ಲ ತೂಕವೂ ಹೆಚ್ಚಿತು, ಸಕ್ಕರೆಯೂ ಹೆಚ್ಚಿತು. ರುದ್ರಪ್ಪನವರು ನನ್ನ ಮೇಜಿನ ಮೇಲೆ ಬಾಗಿ, ಕಿವುಡರು ಮಾತಾಡುವ ಹಾಗೆ ಇಡೀ ವಾರ್ಡಿಗೆ ಕೇಳುವಂತೆ, "ಇವ್ಳು ಗಾಳಿ ತಿಂದು ಊದ್ಕೋತಾಳ್ರಿ. ಮನೇಲಿ ಇವ್ಳು ಉಂಡಿದ್ದನ್ನ ಕಂಡೋರೇ ಇಲ್ಲ" ಎಂದರು.

ಅವರ ಮನೆಗೆ ಇನ್ನೊಂದು ಕಷ್ಟವೂ ಬಂದಿತ್ತು. ತಿಂಡಿ ಮಾಯವಾಗುತ್ತಿತ್ತು. ಶೇಂಗಾ ಉಂಡೆಯ ಡಬ್ಬಿ, ಕೋಡುಬಳೆಯ ಡಬ್ಬಿ, ಹಬ್ಬಕ್ಕೆ ಮಾಡಿಟ್ಟ ಹೋಳಿಗೆ ಎಲ್ಲ ಖಾಲಿ. ಮೊದಲು ಬೆಕ್ಕಿನ ಮೇಲೆ ಅನುಮಾನ ಬಂತು. ರುದ್ರಪ್ಪನವರು ಬೆಕ್ಕಿಗೆ ಹೊಡೆದು ಓಡಿಸಿದರು. ಡಬ್ಬಿಯ ಮುಚ್ಚಳ ತೆಗೆದು, ತಿಂದು, ಮತ್ತೆ ಮುಚ್ಚಿಡುವ ಬೆಕ್ಕು ಯಾವ ಊರಲ್ಲಿದೆ ಎಂದು ಯಾರೂ ಕೇಳಲಿಲ್ಲ. ಆಮೇಲೆ ಮಂಗನ ಮೇಲೆ ಅನುಮಾನ ಬಂದು ಕಿಟಕಿಗೆ ಜಾಲರಿ ಹಾಕಿಸಿದರು. ಕೊನೆಗೆ ತಿಂಡಿಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಮನೆಯಲ್ಲೇ ಅತ್ಯಂತ ನಂಬಿಕಸ್ಥರಾದ, ಊಟವನ್ನೇ ಮಾಡದ ಗೌರಮ್ಮನವರ ಸೊಂಟಕ್ಕೆ ಕಟ್ಟಿದರು. ತಿಂಡಿ ಇನ್ನೂ ಬೇಗ ಖಾಲಿಯಾಗತೊಡಗಿತು.

ಆಗ ಎಲ್ಲರ ಕಣ್ಣು ಸೊಸೆಯ ಮೇಲೆ ಬಿತ್ತು. ಸುಮಾ ಪರಶುರಾಂಪುರದ ಹುಡುಗಿ, ಮದುವೆಯಾಗಿ ವರ್ಷವಾಗಿರಲಿಲ್ಲ. ಅವಳ ತಮ್ಮ ಈರುಳ್ಳಿ ಲೋಡು ತಂದಾಗೆಲ್ಲ ಅಕ್ಕನನ್ನು ನೋಡಿಕೊಂಡು ಹೋಗುತ್ತಿದ್ದ. ಸೊಸೆ ಬೇರೆ ಕೀಲಿ ಮಾಡಿಸಿಕೊಂಡು ತವರಿಗೆ ತಿಂಡಿ ಸಾಗಿಸುತ್ತಿದ್ದಾಳೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಗಂಡನಾದವನು ಬಾಯಿ ಬಿಡಲಿಲ್ಲ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದೇನೂ ಇಲ್ಲ.

ಒಂದು ದಿನ ಅತ್ತೆಯ ಮಾತ್ರೆ ಒಯ್ಯಲು ಬಂದ ಸುಮಾ, ಮಾತ್ರೆ ಕೈಗೆ ಕೊಟ್ಟರೂ ಏಳಲಿಲ್ಲ.

"ಸಿಸ್ಟರ್, ಬರೋ ಸೋಮವಾರ ಗುಡೀಲಿ ನಾನು ಕರ್ಪೂರ ಮುಟ್ಟಿ ಆಣೆ ಮಾಡ್ಬೇಕಂತೆ. ತಿಂಡಿ ನಾನು ಮುಟ್ಟಿಲ್ಲ, ಯಾರು ಮುಟ್ಟಿದ್ರು ಅಂತಾನೂ ಗೊತ್ತಿಲ್ಲ ಅನ್ಬೇಕಂತೆ. ಮಾಡ್ದಿದ್ರೆ ತಮ್ಮನ ಲಾರೀಲಿ ಕೂರ್ಸಿ ಕಳಿಸ್ತಾರಂತೆ, ಮತ್ತೆ ಕರ್ಕೊಳಲ್ಲ ಅಂದಾರೆ."

"ಮುಟ್ಟಿಲ್ಲ ಅಂದ್ಮೇಲೆ ಮಾಡಮ್ಮಾ. ಏನು ಹೆದರಿಕೆ?"

"ನಾನ್ ಮುಟ್ಟಿಲ್ಲ ಸಿಸ್ಟರ್. ಆದ್ರೆ ಯಾರು ಅಂತ ನನಗೆ ಗೊತ್ತೈತೆ. ಸುಳ್ಳು ಆಣೆ ಹೆಂಗ್ ಮಾಡ್ಲಿ?"

ನಾನು ಎದ್ದು ಬಾಗಿಲು ಹಾಕಿ ಬಂದೆ. ಅವಳೇ ಮುಂದುವರಿಸಿದಳು. "ಮಧ್ಯಾಹ್ನ ಎಲ್ರೂ ಮಿಲ್ಲಿಗೆ ಹೋದಾಗ ನೋಡ್ದೆ. ಅತ್ತೆ ಬೀರು ಮುಂದೆ ನಿಂತಿದ್ರು. ಎರಡೂ ಕೈಲಿ ತಿಂತಿದ್ರು. ಅಗಿಯಾಕೂ ಪುರುಸೊತ್ತಿಲ್ದಂಗೆ. ಕಣ್ಣಲ್ಲಿ ನೀರು ಸುರೀತಿತ್ತು. ನಾನು ಬಾಗ್ಲಿಂದ ಹಿಂದಕ್ಕೆ ಬಂದ್ಬಿಟ್ಟೆ. ಹೇಳಿದ್ರೆ ಅವ್ರ ಜೀವ ಉಳಿಯಲ್ಲ ಸಿಸ್ಟರ್. ನಾನು ಪರಶುರಾಂಪುರಕ್ಕೆ ಹೋದ್ರೂ ಬದುಕ್ತೀನಿ."

ಇಷ್ಟು ಒಳ್ಳೆಯ ಹುಡುಗಿಯನ್ನು ಈರುಳ್ಳಿ ಲಾರಿಯಲ್ಲಿ ಕಳಿಸುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು.

ಮಾರನೆಯ ದಿನವೇ ಪಾದದ ಪರೀಕ್ಷೆಯ ನೆಪ ಹೇಳಿ ಗೌರಮ್ಮನವರೊಬ್ಬರನ್ನೇ ಕರೆಸಿದೆ. ಕಾಲು ನೋಡುತ್ತಾ, ತಲೆ ಎತ್ತದೆ, ನನ್ನ ಪ್ರಶ್ನೆ ಕೇಳಿದೆ. "ನಿಂತ್ಕೊಂಡು ಏನೇನು ಬಾಯಿಗೆ ಹಾಕ್ಕೊಂತೀರಿ ಗೌರಮ್ನೋರೇ?"

ಅವರು ಲೆಕ್ಕ ಒಪ್ಪಿಸುವವರ ಹಾಗೆ ಶಾಂತವಾಗಿ ಹೇಳಿದರು.

"ಡಬ್ಬಿ ಮುಚ್ಚಳ ಸರಿಯಾಗಿ ಕೂತೈತಾ ನೋಡಾಕೆ ಹೋಗ್ತೀನಿ. ಮೊದಲ್ನೇ ಉಂಡೆ ಮೆತ್ತಗಾಗೈತಾ ನೋಡಾಕೆ. ಎರಡ್ನೇದು ಒಡೆದಿರ್ತೈತೆ, ಒಡೆದಿದ್ದು ಬಂದೋರಿಗೆ ಕೊಡಾಕೆ ಬರಲ್ಲ. ಮೂರ್ನೇದು ತೆಗೆದ್ರೆ ಸಾಲು ಸಮ ಆಗ್ತೈತೆ."

"ಆಮೇಲೆ?"

"ಆಮೇಲೆ ನಾನು ಅಲ್ಲಿ ಇರಲ್ರಿ."

"ಎಲ್ಲಿ ಹೋಗ್ತೀರಿ?"

"ಗೊತ್ತಿಲ್ಲ. ಕೈ ಇರ್ತೈತೆ, ಬಾಯಿ ಇರ್ತೈತೆ. ನಾನು ಇರಲ್ಲ. ಡಬ್ಬಿ ತಳ ಕಂಡಾಗ ವಾಪಸ್ ಬರ್ತೀನಿ. ಬಂದು ನೋಡಿದ್ರೆ ಯಾರೋ ಎಲ್ಲಾ ತಿಂದಾರೆ. ಹೊಟ್ಟೆ ನೋವು ಮಾತ್ರ ನಂದು." ಸೆರಗಿನಿಂದ ಮುಖ ಮುಚ್ಚಿಕೊಂಡರು. "ಅದು ಊಟ ಅಲ್ಲ ಸಿಸ್ಟರಮ್ಮ. ನಾನು ಒಪ್ಪತ್ತು ಮುರಿದಿಲ್ಲ. ಯಾರೋ ತಿಂದಾರೆ ಅಂತ ನಾನೂ ನಂಬಿದ್ದೆ. ಪೂರ್ತಿ ನಂಬಿರ್ಲಿಲ್ಲ."

ಮೊಳಕಾಲ್ಮೂರಿನ ತಿಪ್ಪೇಸ್ವಾಮಿಯ ಹುಳ ಆಗ ನನಗೆ ನೆನಪಾಯಿತು. ಅವನಿಗೆ ಒಳಗೊಂದು ಹುಳವಿತ್ತು, ಇವರ ಮನೆಯಲ್ಲೊಬ್ಬ ಕಳ್ಳನಿದ್ದ. "ನಾನು ತಿಂದೆ" ಎನ್ನುವ ಮಾತು ಎಷ್ಟು ಭಾರವೆಂದರೆ, ಅದನ್ನು ಹೊರಲು ಇಬ್ಬರೂ ಇನ್ನೊಬ್ಬರನ್ನು ಹುಟ್ಟಿಸಿಕೊಂಡಿದ್ದರು.

ಜಿಲ್ಲಾ ಕೇಂದ್ರದಿಂದ ತಿಂಗಳಿಗೊಮ್ಮೆ ಬರುವ ಮನೋವೈದ್ಯರು ಆ ಶನಿವಾರ ಬರುವವರಿದ್ದರು. ಕರಾವಳಿ ಕಡೆಯ ಹುಡುಗ, ಪುಸ್ತಕದಂಥ ಕನ್ನಡ. ಗೌರಮ್ಮನವರ ಜೊತೆ ತುಂಬಾ ಹೊತ್ತು ಮಾತಾಡಿದರು. ಇದು ದುರಾಸೆಯಲ್ಲ, ಕಳ್ಳತನವಲ್ಲ, ಇದಕ್ಕೊಂದು ಹೆಸರಿದೆ, ಚಿಕಿತ್ಸೆಯಿದೆ ಎಂದರು. ಉಪವಾಸ ಮಾಡಿದಷ್ಟೂ ಈ ಕಾಯಿಲೆ ಹಸಿದ ನಾಯಿಯ ಹಾಗೆ ಕಾದಿರುತ್ತದೆ, ಒಪ್ಪತ್ತು ಬಿಟ್ಟು ಹೊತ್ತುಹೊತ್ತಿಗೆ, ಜೊತೆಯಲ್ಲಿ ಯಾರನ್ನಾದರೂ ಇಟ್ಟುಕೊಂಡು ಊಟ ಮಾಡಬೇಕು ಎಂದರು. ಪಥ್ಯದ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಯಜಮಾನರಿಗೆ ನೀವೇ ಹೇಳಿಬಿಡಿ, ನನ್ನ ಬಾಯಲ್ಲಿ ಬರಲ್ಲ ಎಂದು ಗೌರಮ್ಮನವರು ಬೇಡಿಕೊಂಡರು.

ಹೊರಗಿದ್ದ ರುದ್ರಪ್ಪನವರನ್ನು ಕರೆಸಿದೆವು. ಡಾಕ್ಟರು ನಿಧಾನವಾಗಿ, ಮೆಲ್ಲಗೆ, ಮರ್ಯಾದೆಯಿಂದ ಎಲ್ಲವನ್ನೂ ವಿವರಿಸಿದರು. ಮೆಲ್ಲಗೆ ಹೇಳಿದ್ದೇ ಕೆಟ್ಟದ್ದಾಯಿತು. ರುದ್ರಪ್ಪನವರು ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಡಾಕ್ಟರು ತಡೆಯಿಲ್ಲದೆ ತಿನ್ನುವ ಈ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ, "ಬಿಂಜ್ ಈಟಿಂಗ್ ಡಿಸಾರ್ಡರ್" ಎಂದರು. ರುದ್ರಪ್ಪನವರ ಮುಖ ಅರಳಿತು. ಕಾರಿಡಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ ಹೇಳಿದರು.

"ಒಳ್ಳೆ ಡಾಕ್ಟ್ರು ಕಣ್ರಿ. ಬಾಕಿಯೋರ ತರ ಮಾತ್ರೆ ಬರೀಲಿಲ್ಲ. ಬೆಂಚ್ ಈಟಿಂಗ್, ದಿಸ್ ಆರ್ಡರ್ ಅಂದ್ರು. ಆರ್ಡರ್ ಅಂದ್ಮೇಲೆ ಮುಗೀತು."

"ಅದು ಬೆಂಚ್ ಅಲ್ಲ ರುದ್ರಪ್ನೋರೇ..."

"ಹೌದ್ಹೌದು, ಬೆಂಚೇ. ಮಿಲ್ಲಲ್ಲಿ ಐತೆ." ಹೊರಟೇ ಹೋದರು.

ಭಾನುವಾರವಿಡೀ ನನಗೆ ಸಮಾಧಾನವಿರಲಿಲ್ಲ. ಸೋಮವಾರ ಬೆಳಿಗ್ಗೆ ಸಕ್ಕರೆ ಪರೀಕ್ಷೆಯ ಪೆಟ್ಟಿಗೆ ಹಿಡಿದುಕೊಂಡು ಅವರ ಮನೆಗೇ ಹೋದೆ. ಗುಡಿಗೆ ಹೊರಡಲು ಎಲ್ಲರೂ ತಯಾರಾಗಿದ್ದರು. ಸುಮಾ ತಲೆಸ್ನಾನ ಮಾಡಿ, ಹೊಸ್ತಿಲ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಅವಳ ಬಟ್ಟೆಯ ಚೀಲವಿತ್ತು. ಕರ್ಪೂರ ಮುಟ್ಟುವುದಿಲ್ಲ ಎಂದು ನಿರ್ಧರಿಸಿಯೇ ಚೀಲ ತುಂಬಿಕೊಂಡಿದ್ದಳು.

ನಡುಮನೆಯಲ್ಲಿ ಬೆಂಚ್ ಇತ್ತು. ಮಿಲ್ಲಿನ ಹಮಾಲರು ಕೂರುವ ಉದ್ದನೆಯ ಮರದ ಬೆಂಚ್, ಎಣ್ಣೆ ಕುಡಿದು ಕರ್ರಗಾಗಿದೆ, ಮೊಳೆ ಹೊಡೆದು ತೇಪೆ ಹಾಕಿದ್ದಾರೆ. ಕಾಲುಗಳು ತುದಿಯಲ್ಲಿಲ್ಲ, ಎರಡೂ ನಡುವಿಗೆ ಸರಿದುಬಿಟ್ಟಿವೆ. ಗೌರಮ್ಮನವರು ಅದನ್ನೇ ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದರು.

"ಆಣೆ ಆಮೇಲೆ" ಎಂದರು ರುದ್ರಪ್ಪನವರು. "ಮೊದ್ಲು ಬೆಂಚ್ ಈಟಿಂಗ್ ಆಗ್ಲಿ. ಸಿಸ್ಟರಮ್ನೋರೂ ಬಂದಾರೆ, ಸಾಕ್ಷಿ ಇರ್ತಾರೆ. ಕೂತ್ಕೊಳೇ ಗೌರಿ."

"ಇವತ್ತು ಸೋಮವಾರ ರೀ."

"ದೇವ್ರ ಹತ್ರ ನಾನು ಮಾತಾಡ್ತೀನಿ. ಆರ್ಡರ್ ಅಂದ್ರೆ ಆರ್ಡರ್. ಸುಮಾ, ರೊಟ್ಟಿ ತಗೊಂಡು ಬಾ."

ಗೌರಮ್ಮನವರು ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಕೂತ ಕೂಡಲೇ ಬೆಂಚಿನ ಇನ್ನೊಂದು ತುದಿ ಎದ್ದಿತು. ಅವರು ಜಾರಿ ನೆಲಕ್ಕೆ ಬೀಳುವುದರಲ್ಲಿದ್ದರು. ರೊಟ್ಟಿಯ ತಟ್ಟೆ ಹಿಡಿದು ಬಂದ ಸುಮಾ ತಟ್ಟೆ ಸಮೇತ ಓಡಿ ಬಂದು ಆ ತುದಿಯ ಮೇಲೆ ಕೂತಳು. ಬೆಂಚ್ ಸಮವಾಯಿತು. ಅತ್ತೆ ಸೊಸೆ ಇಬ್ಬರೂ ಉಸಿರು ಹಿಡಿದು ಎರಡು ತುದಿಯಲ್ಲಿ, ನಡುವೆ ತಟ್ಟೆ.

ಗೌರಮ್ಮನವರು ರೊಟ್ಟಿ ಮುರಿದರು. ಆ ಮನೆಯವರು ಅವರು ಕೂತು ತಿನ್ನುವುದನ್ನು ನೋಡುತ್ತಿದ್ದುದು ಅದೇ ಮೊದಲು. ಒಂದು ತುತ್ತು ಬಾಯಿಗಿಟ್ಟರು, ನಿಧಾನವಾಗಿ ಅಗಿದರು. ಎದುರಿಗೆ ಅಷ್ಟು ಜನ ನಿಂತು, ಹೋಮ ನೋಡಿದ ಹಾಗೆ ನೋಡುತ್ತಿದ್ದೆವು. ಒಂದು ರೊಟ್ಟಿ ಮುಗಿಯಿತು. ಇನ್ನೊಂದರಲ್ಲಿ ಅರ್ಧ ಮುಗಿಯಿತು. ಅವರು ಕೈ ನಿಲ್ಲಿಸಿ, ಉಳಿದ ಅರ್ಧ ರೊಟ್ಟಿಯನ್ನು ಆಶ್ಚರ್ಯದಿಂದ ನೋಡಿದರು. ಆ ಅರ್ಧ ರೊಟ್ಟಿ ಅಲ್ಲೇ ಇತ್ತು, ಅವರೂ ಅಲ್ಲೇ ಇದ್ದರು.

"ಆಯ್ತಲ್ಲ" ಎಂದರು ರುದ್ರಪ್ಪನವರು. "ಏಳಮ್ಮಾ ಸುಮಾ. ಗುಡಿಗೆ ಹೊತ್ತಾಯ್ತು."

ಸುಮಾ ಏಳಲು ಹೊರಟಳು. ಗೌರಮ್ಮನವರು ಎಂಜಲು ಕೈಯಲ್ಲೇ ಅವಳ ಸೆರಗು ಹಿಡಿದರು.

"ಏಳ್ಬೇಡ. ನೀನು ಎದ್ರೆ ನಾನು ಬೀಳ್ತೀನಿ."

ಆಮೇಲೆ ಗಂಡನ ಕಡೆ ತಿರುಗಿ, ಅರೆಕಿವಿಗೂ ಕೇಳುವಷ್ಟು ಗಟ್ಟಿಯಾಗಿ, ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿರದ ಹೆಂಗಸು ಹೇಳಿದರು. "ರೀ, ಆಣೆ ಇವ್ಳಲ್ಲ, ನಾನು ಮಾಡ್ತೀನಿ. ಉಂಡೆ ತಿಂದಿದ್ದು ನಾನು. ನಾನೇ ತಿಂದೆ."

ರುದ್ರಪ್ಪನವರು ಕಿವಿಗೆ ಬೆರಳು ಹಾಕಿ ತಿರುವಿಕೊಂಡರು.

"ನೀನು? ಎಲ್ಲಾ?"

"ಎಲ್ಲಾ."

"ಕೋಡುಬಳೆನೂ?"

"ಕೋಡುಬಳೆನೂ. ಹೋಳಿಗೆನೂ."

ರುದ್ರಪ್ಪನವರು ಗೋಡೆ ಹಿಡಿದು ನೆಲದ ಮೇಲೆ ಕೂತರು. "ಅಯ್ಯೋ, ಬೆಕ್ಕಿಗೆ ಹೊಡೆದ್ನಲ್ಲೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಹೆಂಡತಿಗಾಗಿಯೋ ಸೊಸೆಗಾಗಿಯೋ ಬೆಕ್ಕಿಗಾಗಿಯೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಅವರೇ ಎದ್ದು ಹೋಗಿ ಹೊಸ್ತಿಲ ಬಳಿಯ ಬಟ್ಟೆಯ ಚೀಲವನ್ನು ಒಳಗಿನ ಕೋಣೆಯಲ್ಲಿಟ್ಟು ಬಂದರು. ಸೊಸೆಗೆ ತಪ್ಪಾಯಿತು ಎಂದು ಬಾಯಲ್ಲಿ ಹೇಳಲಿಲ್ಲ. ಅವರ ಮಟ್ಟಿಗೆ ಅಷ್ಟೇ ದೊಡ್ಡದು.

ಅಲ್ಲಿಗೆ ಕಾಯಿಲೆ ಓಡಿಹೋಯಿತು ಎಂದು ಬರೆದರೆ ನಾನು ಸುಳ್ಳಿಯಾಗುತ್ತೇನೆ. ದೀಪಾವಳಿಯಲ್ಲಿ ಮತ್ತೆ ಡಬ್ಬಿ ಖಾಲಿಯಾಯಿತು. ಆದರೆ ಈ ಸಲ ಗೌರಮ್ಮನವರೇ ಬಂದು "ಸಿಸ್ಟರಮ್ಮ, ನಿನ್ನೆ ನಾನು ಅಲ್ಲಿರ್ಲಿಲ್ಲ" ಎಂದು ಹೇಳಿದರು. ಡಾಕ್ಟರನ್ನು ತಪ್ಪದೆ ಕಂಡರು. ಹೊತ್ತುಹೊತ್ತಿಗೆ ಉಂಡರು. ಬೆಂಚ್ ನಡುಮನೆಯಲ್ಲೇ ಉಳಿಯಿತು. ರುದ್ರಪ್ಪನವರಿಗೆ ಅದರ ಕಾಲು ಸರಿ ಮಾಡಿಸೋಣವೆಂದು ಆಸೆ, ಅತ್ತೆ ಸೊಸೆ ಇಬ್ಬರೂ ಬಿಡಲಿಲ್ಲ.

ಇನ್ನೊಂದು ವಿಚಿತ್ರ ನಡೆಯಿತು. ರುದ್ರಪ್ಪನವರ ಗಂಟಲಿನ ದೆಸೆಯಿಂದ ಕಾಯಿಲೆಯ ಹೆಸರು ಪೇಟೆಯೆಲ್ಲ ಹಬ್ಬಿತು. ಹೊಟ್ಟೆಬಾಕ ಎಂದು ಕರೆಸಿಕೊಳ್ಳಲು ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಆದರೆ ಬೆಂಚ್ ಎಂದರೆ ಅದರಲ್ಲಿ ನಾಚಿಕೆ ಏನಿದೆ? ಜನ ಬಾಗಿಲಲ್ಲಿ ಇಣುಕಿ, "ಸಿಸ್ಟರ್, ನನಗೂ ಸ್ವಲ್ಪ ಬೆಂಚ್ ಐತೆ ಅನ್ಸುತ್ತೆ" ಎಂದು ಪಿಸುಗುಟ್ಟತೊಡಗಿದರು. ಒಂದು ದಿನ ಮೊಳಕಾಲ್ಮೂರು ಬಸ್ಸಿನಿಂದ ಇಳಿದು ತಿಪ್ಪೇಸ್ವಾಮಿಯೇ ಬಂದ. ತಲೆ ನರೆತಿತ್ತು.

"ಹುಳ ಅಲ್ವಂತೆ ಸಿಸ್ಟರಮ್ಮ. ಬೆಂಚಂತೆ. ನಾನು ದಿನಾ ಮಗ್ಗದ ಗುಂಡೀಲಿ ಕೂತೇ ಇರ್ತೀನಲ್ಲ, ನನಗೆ ಹೆಂಗೆ ಬಂತು?"

ಡಾಕ್ಟರು ಬಿಂಜ್ ಎಂದು ತಿದ್ದಲು ಬಾಯಿ ತೆರೆದರು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅವರು ಜಾಣರು, "ಬನ್ನಿ, ಬೆಂಚಿನ ವಿಷಯ ಮಾತಾಡೋಣ" ಎಂದರು.

ನನ್ನ ಬೀಳ್ಕೊಡುಗೆಗೆ ಈ ಕಾಲದ ಹಾಗೆ ನಿಂತು ತಿನ್ನುವ ಊಟ ಇಟ್ಟಿದ್ದರು. ಎಲ್ಲರೂ ತಟ್ಟೆ ಹಿಡಿದು ಅಲೆದಾಡುತ್ತಿದ್ದಾಗ ಹೊರಗೆ ಒಂದು ಗೂಡ್ಸ್ ಆಟೊ ಬಂದು ನಿಂತಿತು. ರುದ್ರಪ್ಪನವರು ಇಳಿದು, ಬೆಂಚ್ ಇಳಿಸಿದರು. ಹಿಂದೆ ಗೌರಮ್ಮನವರು, ಸುಮಾ, ಸುಮಾಳ ಕಂಕುಳಲ್ಲಿ ಕೂಸು. ಆಸ್ಪತ್ರೆಯ ಸಿಬ್ಬಂದಿಯೆಲ್ಲ ನೋಡುತ್ತಿರುವಾಗ ಗೌರಮ್ಮನವರು ಸಭಾಂಗಣದ ನಡುವೆ ನಿಂತು, ಅಂಗಡಿಯಲ್ಲಿ ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದರು. "ನಿಂತು ತಿನ್ನೋದು ನನಗೆ ಆಗಲ್ರಿ. ಎಷ್ಟು ತಿಂತೀನಿ ಅಂತ ನನಗೇ ಗೊತ್ತಾಗಲ್ಲ. ಕಾಯಿಲೆ ಐತೆ."

ಮುಖ ಮುಚ್ಚಿಕೊಳ್ಳಲಿಲ್ಲ. ಯಾರೂ ನಗಲಿಲ್ಲ. ನನಗೆ ಹೊದಿಸಿದ ಶಾಲಿನಲ್ಲಿ ನಾನು ಕಣ್ಣೊರೆಸಿಕೊಂಡೆ. ಆ ಶಾಲು ಆಮೇಲೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬರಲಿಲ್ಲ.

ಕೂಸು ಅಳುತ್ತಿತ್ತು, ಸುಮಾ ಅದನ್ನು ಎತ್ತಿಕೊಂಡು ಹೊರಗೆ ಹೋದಳು. ಗೌರಮ್ಮನವರು ತಟ್ಟೆ ಹಿಡಿದು ಬೆಂಚಿನ ಪಕ್ಕದಲ್ಲಿ ನಿಂತು ನನ್ನತ್ತ ನೋಡಿದರು. ನಾನು ಹೋಗಿ ಒಂದು ತುದಿಯಲ್ಲಿ ಕೂತೆ. ಅವರು ಇನ್ನೊಂದು ತುದಿಯಲ್ಲಿ ಕೂತರು. ಬೆಂಚ್ ಒಂದು ಸಲ ಕಿರ್ರೆಂದು ಸಮವಾಯಿತು. ನಾವಿಬ್ಬರೂ ಉಂಡೆವು. ಅತ್ತ ನನ್ನ ಬಗ್ಗೆ ಭಾಷಣ ಮಾಡಬೇಕಾದವರು ಮೈಕಿನ ಹತ್ತಿರ ನಿಂತು ನನ್ನ ಹೆಸರು ಕೂಗುತ್ತಿದ್ದರು.

"ಏಳೋವಾಗ ಹೇಳಿ ಏಳ್ರಿ ಸಿಸ್ಟರಮ್ಮ" ಎಂದರು ಗೌರಮ್ಮನವರು.

ನಾನು ಹೇಳಿಯೇ ಎದ್ದೆ.